ಗೌಜಲಕ್ಕಿ, ಬಾತುಕೋಳಿ ಮರಿಗಳು ಮತ್ತು ನೀರಿನ ಲೆಕ್ಕ

ಮನೆಯಲ್ಲಿ ಇನ್‌ಕ್ಯುಬೇಟರ್ ಇಟ್ಟು ಮರಿ ಮಾಡಿಸಲು ಹೊರಟವರು ಮೊದಲು ವಿಚಾರಿಸುವುದು ಉಷ್ಣಾಂಶವನ್ನು. ಗೌಜಲಕ್ಕಿ ಮತ್ತು ಬಾತುಕೋಳಿ ಎರಡನ್ನೂ ಸಾಕುತ್ತ ಬಂದ ನನಗೆ ಅದಕ್ಕಿಂತ ಹೆಚ್ಚು ತಲೆನೋವು ಕೊಟ್ಟಿರುವುದು ನೀರು. ಒಳಗೆ ಫ್ಯಾನ್ ತಿರುಗುವ ಯಂತ್ರವಾದರೆ ಎರಡೂ ಜಾತಿಯ ಮೊಟ್ಟೆಗಳಿಗೆ 37.5 ಡಿಗ್ರಿ ಸೆಲ್ಸಿಯಸ್ ಇಟ್ಟರೆ ಸಾಕು, ಅದರಲ್ಲಿ ತಕರಾರಿಲ್ಲ. ಆದರೆ ಯಂತ್ರದೊಳಗಿನ ತೇವಾಂಶದಿಂದ ಹಿಡಿದು ಮರಿಗಳ ಮುಂದಿಡುವ ಬಟ್ಟಲಿನವರೆಗೆ, ಒಂದಕ್ಕೆ ಹಿತವಾಗುವಷ್ಟು ನೀರು ಇನ್ನೊಂದರ ಪ್ರಾಣಕ್ಕೆ ಎರವಾಗಬಹುದು.

ಜಪಾನೀ ಗೌಜಲಕ್ಕಿಯ ಮೊಟ್ಟೆಗೆ 17ರಿಂದ 18 ದಿನ ಕಾವು ಬೇಕು. ಸಾಮಾನ್ಯ ಬಾತುಕೋಳಿಯ ಮೊಟ್ಟೆಗೆ 28 ದಿನ, ಮಸ್ಕೊವಿ ಬಾತುಕೋಳಿಯದ್ದಾದರೆ 35 ದಿನ. ಬಾತುಕೋಳಿಯ ಮೊಟ್ಟೆಗಳನ್ನು ಮೊದಲು ಇಟ್ಟು, ಹತ್ತು ಹನ್ನೊಂದು ದಿನ ಬಿಟ್ಟು ಗೌಜಲಕ್ಕಿಯವನ್ನು ಸೇರಿಸಿದರೆ ಎಲ್ಲವೂ ಒಂದೇ ದಿನ ಮರಿಯಾಗುತ್ತವೆ ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಲೆಕ್ಕವೇನೋ ಸರಿ, ಆದರೆ ಹೊರಬಂದ ಮರಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಸಾಕಲು ಆಗದಿರುವಾಗ ಒಂದೇ ದಿನ ಎರಡು ಸಂಸಾರ ಹೂಡುವುದರಿಂದ ಸಿಗುವ ಲಾಭವೇನೆಂದು ನನಗೆ ಇನ್ನೂ ಅರ್ಥವಾಗಿಲ್ಲ.

ಮೊಟ್ಟೆಯ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿರುತ್ತವೆ. ಕಾವಿನ ದಿನಗಳುದ್ದಕ್ಕೂ ಅವುಗಳ ಮೂಲಕ ನೀರು ಆವಿಯಾಗಿ ಹೊರಹೋಗುತ್ತದೆ, ಹೋದಷ್ಟೂ ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಕೋಶ ದೊಡ್ಡದಾಗುತ್ತದೆ. ಮರಿ ತನ್ನ ಮೊದಲ ಉಸಿರನ್ನು ಎಳೆಯುವುದು ಈ ಗಾಳಿಯನ್ನೇ. ತೇವಾಂಶ ಹೆಚ್ಚಾಗಿ ನೀರು ಹೊರಹೋಗದಿದ್ದರೆ ಗಾಳಿಕೋಶ ಚಿಕ್ಕದಾಗಿ ಉಳಿದು, ಊದಿಕೊಂಡ ಮರಿ ಚಿಪ್ಪಿನೊಳಗೇ ಉಸಿರುಗಟ್ಟಿ ಸಾಯುತ್ತದೆ. ತೇವಾಂಶ ತೀರ ಕಡಿಮೆಯಾದರೆ ಒಳಪೊರೆ ಒಣಗಿ ಮರಿಯ ಮೈಗೆ ಅಂಟಿಕೊಳ್ಳುತ್ತದೆ. ಗೌಜಲಕ್ಕಿಗೆ ಶೇಕಡಾ 45ರಿಂದ 50, ಬಾತುಕೋಳಿಗೆ ಶೇಕಡಾ 55ರ ಆಸುಪಾಸು ಎಂಬುದು ರೂಢಿಯ ಅಂಕಿ. ಆದರೆ ನಾನು ಮೀಟರಿಗಿಂತ ತಕ್ಕಡಿಯನ್ನು ಹೆಚ್ಚು ನಂಬುತ್ತೇನೆ. ಇಟ್ಟ ದಿನ 80 ಗ್ರಾಂ ತೂಗಿದ ಬಾತುಕೋಳಿಯ ಮೊಟ್ಟೆ 25ನೆಯ ದಿನಕ್ಕೆ 70 ಗ್ರಾಂ ಹತ್ತಿರಕ್ಕೆ ಇಳಿದಿದ್ದರೆ ಎಲ್ಲವೂ ಸರಿಯಾಗಿದೆ ಎಂದರ್ಥ. ಗೌಜಲಕ್ಕಿಯ ಮೊಟ್ಟೆ ಹತ್ತು ಹನ್ನೆರಡು ಗ್ರಾಂ ಮಾತ್ರ ಇರುವುದರಿಂದ ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿ ಪ್ರಯೋಜನವಿಲ್ಲ, ಇಡೀ ತಟ್ಟೆಯನ್ನೇ ತೂಗಬೇಕು. ಚಿಪ್ಪಿನ ಮೇಲೆ ಕಪ್ಪು ಕಂದು ಕಲೆಗಳಿರುವ ಕಾರಣ ಟಾರ್ಚ್ ಹಿಡಿದರೂ ಅದರೊಳಗೆ ಹೆಚ್ಚೇನೂ ಕಾಣುವುದಿಲ್ಲ. ಬಾತುಕೋಳಿಯ ಮೊಟ್ಟೆಯಲ್ಲಾದರೋ ಒಂದು ವಾರದೊಳಗೇ ಕೆಂಪು ನರಗಳ ಜಾಲವೂ ಅದರ ನಡುವೆ ಅಲುಗುವ ಕಪ್ಪು ಚುಕ್ಕೆಯೂ ನಿಚ್ಚಳವಾಗಿ ಕಾಣುತ್ತವೆ.

ಕೊನೆಯ ಮೂರು ದಿನ ಮೊಟ್ಟೆಗಳನ್ನು ತಿರುಗಿಸುವುದನ್ನು ನಿಲ್ಲಿಸಿ, ತೇವಾಂಶವನ್ನು ಶೇಕಡಾ 65ರಿಂದ 70ಕ್ಕೆ, ಬಾತುಕೋಳಿಗಾದರೆ ಇನ್ನೂ ಸ್ವಲ್ಪ ಮೇಲಕ್ಕೆ ಏರಿಸಬೇಕು. ಅಲ್ಲಿಂದ ಮುಂದೆ ಮುಚ್ಚಳ ತೆರೆಯಬಾರದು. ಗೌಜಲಕ್ಕಿಯ ಮರಿಗಳು ಚಿಪ್ಪಿನೊಳಗಿನಿಂದಲೇ ಟಿಕ್ ಟಿಕ್ ಎಂಬ ಸಣ್ಣ ಸದ್ದು ಮಾಡುತ್ತ ಅಕ್ಕಪಕ್ಕದ ಮೊಟ್ಟೆಗಳನ್ನು ಚುರುಕುಗೊಳಿಸುತ್ತವೆ. ಹೀಗಾಗಿ ಒಂದು ಮೊಟ್ಟೆ ಬಿರಿದ ಮೇಲೆ ಉಳಿದವು ಹೆಚ್ಚು ಹೊತ್ತು ಕಾಯಿಸುವುದಿಲ್ಲ. ಒಮ್ಮೆ ಸುತ್ತಲೂ ಚಿಪ್ಪು ಕೊರೆಯಲು ಶುರುಮಾಡಿದ ಮರಿ ನೋಡನೋಡುತ್ತಿದ್ದಂತೆ ಹೊರಬಿದ್ದಿರುತ್ತದೆ.

ಬಾತುಕೋಳಿಯ ಮರಿಗೆ ಅಂಥ ಆತುರವಿಲ್ಲ. ಮೊದಲು ಒಳಪೊರೆಯನ್ನು ಚುಚ್ಚಿ ಗಾಳಿಕೋಶಕ್ಕೆ ಕೊಕ್ಕು ಹಾಕುತ್ತದೆ, ಆಗಲೇ ಮೊಟ್ಟೆಯೊಳಗಿನಿಂದ ಕೀಚಲು ದನಿ ಕೇಳಿಸುತ್ತದೆ. ಆಮೇಲೆ ಚಿಪ್ಪಿನ ಮೇಲೊಂದು ನಕ್ಷತ್ರಾಕಾರದ ಬಿರುಕು ಮೂಡುತ್ತದೆ. ಅಲ್ಲಿಂದ ಹೊರಬರುವವರೆಗೆ ಒಂದು ದಿನ, ಕೆಲವೊಮ್ಮೆ ಎರಡು ದಿನವೇ ಹಿಡಿಯುತ್ತದೆ. ಬಿರುಕಿನಲ್ಲಿ ಇಣುಕಿದರೆ ಬಿಳಿಯ ಪೊರೆ ಉಸಿರಿಗೆ ತಕ್ಕಂತೆ ಏರಿಳಿಯುವುದು, ಕೊಕ್ಕಿನ ತುದಿಯ ಬಿಳಿ ಗಂಟು ಆಗಾಗ ಸರಿದಾಡುವುದು ಕಾಣುತ್ತದೆ. ಕೈ ಹಾಕಬೇಕೆನ್ನಿಸುವುದು ಆಗಲೇ. ಆದರೆ ಆ ಪೊರೆಯ ನರಗಳಲ್ಲಿ ಇನ್ನೂ ರಕ್ತ ಹರಿಯುತ್ತಿರುತ್ತದೆ, ಹೊಟ್ಟೆಯೊಳಕ್ಕೆ ಹೋಗಬೇಕಾದ ಹಳದಿ ಇನ್ನೂ ಪೂರ್ತಿ ಹೋಗಿರುವುದಿಲ್ಲ. ಸುಮ್ಮನೆ ಮಲಗಿದಂತೆ ಕಾಣುವ ಮರಿ ಆ ಕೆಲಸದಲ್ಲೇ ಇರುತ್ತದೆ. ಅದೇ ಹಳದಿಯ ಬಲದಿಂದ ಹೊರಬಂದ ಮರಿ ಒಂದು ದಿನ ಆಹಾರವಿಲ್ಲದೆ ಇರಬಲ್ಲದು, ಆದ್ದರಿಂದ ಮೈ ಪೂರ್ತಿ ಒಣಗುವವರೆಗೆ ಯಂತ್ರದಲ್ಲೇ ಬಿಡಬಹುದು.

ಗೌಜಲಕ್ಕಿಯ ಮರಿಗೆ ಮೊದಲ ವಾರ 35 ಡಿಗ್ರಿಗಿಂತ ಕಡಿಮೆಯಿಲ್ಲದ ಬಿಸಿ ಬೇಕು. ಬಾತುಕೋಳಿ ಮರಿಗೆ 32 ಸಾಕು, ಅದಕ್ಕಿಂತ ಬಿಸಿಯಾದರೆ ಕಾವಿಗೆಂದು ಇಟ್ಟ ದೀಪದಿಂದ ದೂರ ಸರಿದು ಏದುಸಿರು ಬಿಡುತ್ತದೆ. ಎರಡಕ್ಕೂ ವಾರ ವಾರ ಎರಡು ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ನೆಲಕ್ಕೆ ವೃತ್ತಪತ್ರಿಕೆ ಹಾಸಬೇಡಿ, ಅದು ಜಾರುವುದರಿಂದ ಮರಿಗಳ ಕಾಲು ಎರಡು ಬದಿಗೆ ಚಾಚಿಕೊಂಡು ಹಾಗೆಯೇ ಉಳಿಯಬಹುದು. ಒರಟು ಬಟ್ಟೆ ಒಳ್ಳೆಯದು.

ಏಳೆಂಟು ಗ್ರಾಂ ತೂಕದ ಗೌಜಲಕ್ಕಿ ಮರಿ ಅರ್ಧ ಬೆರಳು ಆಳದ ನೀರಿನಲ್ಲೂ ಮುಳುಗಿ ಸಾಯುತ್ತದೆ. ಅದಕ್ಕಾಗಿ ಬಾಟಲಿಯ ಮುಚ್ಚಳದಂಥ ತಟ್ಟೆಯಲ್ಲಿ ಗೋಲಿ ಅಥವಾ ಹರಳುಗಲ್ಲು ತುಂಬಿ, ಸಂದಿಯಲ್ಲಿ ಮಾತ್ರ ನೀರು ನಿಲ್ಲುವಂತೆ ಮಾಡಬೇಕು. ಬಾತುಕೋಳಿ ಮರಿಗೆ ಇದೇ ತಟ್ಟೆ ಇಟ್ಟರೆ ಅದು ಬೇರೆ ಬಗೆಯ ಹಿಂಸೆ. ಒಂದು ಬಾಯಿ ಆಹಾರ, ಒಂದು ಬಾಯಿ ನೀರು ಎಂದು ತಿನ್ನುವ ಈ ಮರಿಗೆ ಮೂಗಿನ ಹೊಳ್ಳೆ ಮುಳುಗಿಸಿ ತೊಳೆದುಕೊಳ್ಳುವಷ್ಟು ಆಳ ಬೇಕು, ಇಲ್ಲದಿದ್ದರೆ ಹಿಟ್ಟು ಮೂಗಿನಲ್ಲಿ ಗಟ್ಟಿಯಾಗುತ್ತದೆ. ಹಾಗೆಂದು ಟಬ್ಬಿಗೆ ಇಳಿಸಿ ವೀಡಿಯೊ ಮಾಡುವುದೂ ತಪ್ಪು. ಗೂಡಿನಲ್ಲಿ ಹುಟ್ಟಿದ ಮರಿಗೆ ತಾಯಿಯ ಗರಿಯ ಎಣ್ಣೆಯೂ ಅವಳ ರೆಕ್ಕೆಯ ಬಿಸಿಯೂ ಸಿಗುತ್ತವೆ, ಯಂತ್ರದ ಮರಿಗೆ ಎರಡೂ ಇಲ್ಲದ್ದರಿಂದ ಒದ್ದೆಯಾದರೆ ಬೇಗ ಚಳಿ ಹಿಡಿಯುತ್ತದೆ. ಕೊಕ್ಕು ತೂರುವಷ್ಟೇ ಬಾಯಿರುವ ಪಾತ್ರೆಯೊಂದನ್ನು ಜಾಲರಿಯ ಮೇಲಿಟ್ಟರೆ ಚೆಲ್ಲಿದ ನೀರು ಕೆಳಗಿಳಿಯುತ್ತದೆ. ಚೆಲ್ಲುವುದಂತೂ ಖಂಡಿತ, ಆ ಒದ್ದೆಯೇ ಗೌಜಲಕ್ಕಿ ಮರಿಗಳನ್ನು ಇವುಗಳ ಜೊತೆ ಬಿಡದಿರಲು ಮುಖ್ಯ ಕಾರಣ.

ಆಹಾರದ ವಿಷಯದಲ್ಲಿ ಎರಡೇ ಮಾತು. ಗೌಜಲಕ್ಕಿ ಮರಿಗೆ ಶೇಕಡಾ 24ಕ್ಕಿಂತ ಹೆಚ್ಚು ಪ್ರೋಟೀನ್ ಇರುವ ಆಹಾರವನ್ನು ನುಣ್ಣಗೆ ಪುಡಿಮಾಡಿ ಕೊಡಬೇಕು. ಬಾತುಕೋಳಿ ಮರಿಗೆ ಅಷ್ಟು ಪ್ರೋಟೀನ್ ಬೇಡ, ಆದರೆ ಕೋಳಿಮರಿಗಿಂತ ಹೆಚ್ಚು ನಯಾಸಿನ್ ಎಂಬ ಬಿ ಗುಂಪಿನ ವಿಟಮಿನ್ ಬೇಕು. ಅದು ಸಾಲದಿದ್ದರೆ ಕಾಲು ಸೊಟ್ಟಗಾಗುತ್ತದೆ, ಬಿಯರ್ ತಯಾರಿಕೆಯಲ್ಲಿ ಬಳಸುವ ಯೀಸ್ಟಿನ ಪುಡಿಯಾದ ಬ್ರೂವರ್ಸ್ ಯೀಸ್ಟ್ ಬೆರೆಸಿದರೆ ಆ ಕೊರತೆ ನೀಗುತ್ತದೆ.

ಮೂರು ವಾರಕ್ಕೆ ಗೌಜಲಕ್ಕಿಯ ಗಂಡುಗಳ ಎದೆ ಕಂದುಗೆಂಪಾಗುತ್ತದೆ, ಹೆಣ್ಣುಗಳ ಎದೆಯಲ್ಲಿ ಚುಕ್ಕೆಗಳು ಮೂಡುತ್ತವೆ. ಬೆದರಿದಾಗ ನೆಟ್ಟಗೆ ಮೇಲಕ್ಕೆ ಹಾರುವುದರಿಂದ ಗೂಡಿನ ಮೇಲ್ಭಾಗಕ್ಕೆ ಮೆತ್ತನೆಯ ಬಲೆ ಹಾಕದಿದ್ದರೆ ತಲೆ ಒಡೆದುಕೊಳ್ಳುತ್ತವೆ. ಬಾತುಕೋಳಿ ಮರಿಗಳಿಗೆ ಪೂರ್ತಿ ಗರಿ ಬರುವ ಏಳೆಂಟು ವಾರಗಳೊಳಗೆ ಅದೇ ವಯಸ್ಸಿನ ಗೌಜಲಕ್ಕಿಗಳು ಮೊಟ್ಟೆಯಿಡಲು ತೊಡಗಿರುತ್ತವೆ. ತಲೆಮಾರುಗಳಿಂದ ಯಂತ್ರದಲ್ಲೇ ಹುಟ್ಟಿದ ಈ ಹಕ್ಕಿಗಳಲ್ಲಿ ಕಾವಿಗೆ ಕೂರುವ ಗುಣ ಬಹುಪಾಲು ಹೋಗಿಯೇ ಬಿಟ್ಟಿದೆ, ಆದ್ದರಿಂದ ಅವುಗಳ ಮೊಟ್ಟೆಗೆ ಇನ್‌ಕ್ಯುಬೇಟರನ್ನು ಮತ್ತೆ ತೊಳೆದು ಹೂಡಲೇಬೇಕು. ಬಾತುಕೋಳಿಯೇ ಮುಖ್ಯ ಎನ್ನುವವರು ಮಸ್ಕೊವಿ ಸಾಕಿಕೊಂಡರೆ ಆ ಕೆಲಸವೂ ತಪ್ಪುತ್ತದೆ, ಆ ಹೆಣ್ಣು 35 ದಿನವೂ ತಾನೇ ಕೂತು ಮರಿ ಮಾಡುತ್ತದೆ.