ಕಾಳಾಗಿ ತನ್ನಿ, ಹಿಟ್ಟಾಗಿ ಬೇಡ

ನನ್ನ ಮಗಳಿಗೆ ಸೀಲಿಯಾಕ್ ಕಾಯಿಲೆ ಇದೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದರೆ ಸಾಕು, ಅವಳ ದೇಹ ತನ್ನದೇ ಸಣ್ಣ ಕರುಳಿನ ಒಳಪದರವನ್ನು ಹಾಳು ಮಾಡಿಕೊಳ್ಳುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ, ರಕ್ತ ಕಡಿಮೆಯಾಗುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಇದಕ್ಕೆ ಮಾತ್ರೆ ಇಲ್ಲ. ಗ್ಲುಟೆನ್ ಇಲ್ಲದ ಊಟವೇ ಚಿಕಿತ್ಸೆ, ಅದೂ ಜೀವನಪರ್ಯಂತ. ವಿಷಯ ತಿಳಿದಾಗ ನೆಂಟರಿಷ್ಟರೆಲ್ಲ ಹೇಳಿದ್ದು ಒಂದೇ ಮಾತು: "ಪಾಪ, ಇನ್ನು ಎಲ್ಲವನ್ನೂ ಬೆಂಗಳೂರಿನಿಂದ ತರಿಸಬೇಕು." ಬೇಕಾಗಿಲ್ಲ. ಅವಳ ಊಟಕ್ಕೆ ಬೇಕಾದ ಬಹುಪಾಲು ಸಾಮಾನು ತುಮಕೂರಿನ ಮಂಡಿಪೇಟೆಯಲ್ಲೇ ಸಿಗುತ್ತದೆ. ಆದರೆ ಅದನ್ನು ಯಾವ ರೂಪದಲ್ಲಿ ತರುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ನಮ್ಮದು ರಾಗಿ ಸೀಮೆ. ಮುದ್ದೆ, ಅಂಬಲಿ, ರಾಗಿ ರೊಟ್ಟಿ, ಹುರಿಹಿಟ್ಟು, ಇದಾವುದರಲ್ಲೂ ಗ್ಲುಟೆನ್ ಇಲ್ಲ. ಅಕ್ಕಿಯಲ್ಲಿ ಇಲ್ಲ, ಜೋಳದಲ್ಲಿ ಇಲ್ಲ, ಬೇಳೆಕಾಳುಗಳಲ್ಲಿ ಇಲ್ಲ. ನವಣೆ, ಸಾಮೆ, ಹಾರಕ, ಊದಲು, ಬರಗು ಎಲ್ಲವೂ ನಿಶ್ಚಿಂತೆ. ಕೊರಲೆಯಂತೂ ತುಮಕೂರು, ಚಿತ್ರದುರ್ಗ, ಚಿಕ್ಕಬಳ್ಳಾಪುರದ ಒಣಭೂಮಿಯ ಸ್ವಂತ ಬೆಳೆ. ನಮ್ಮ ಅತ್ತೆಯವರು ಮಧುಗಿರಿ ಕಡೆಯವರು. ಅವರು ಚಿಕ್ಕವರಿದ್ದಾಗ ಮನೆಗೆ ಗೋಧಿ ಬರುತ್ತಿದ್ದದ್ದು ಹಬ್ಬಕ್ಕೆ ಮಾತ್ರವಂತೆ. ಆಮೇಲೆ ಉಪ್ಪಿಟ್ಟಿನ ರವೆಯಾಗಿ, ಸಕ್ಕರೆ ಕಾಯಿಲೆಯವರ ಚಪಾತಿಯಾಗಿ, ಚಹಾದ ಜೊತೆಯ ಬಿಸ್ಕತ್ತಾಗಿ ಅದು ದಿನದಿನದ ಊಟದೊಳಗೆ ಬಂದು ಕುಳಿತಿತು.

ಬ್ರೆಡ್ಡನ್ನೇ ಉಣ್ಣುವ ದೇಶಗಳಲ್ಲಿ ಈ ಕಾಯಿಲೆಯ ಮೂಲ ಹಿಡಿಯುವುದು ಸುಲಭವಾಗಿರಲಿಲ್ಲ. ನೆದರ್‌ಲೆಂಡ್ಸ್‌ನ ಮಕ್ಕಳ ವೈದ್ಯ ವಿಲೆಮ್ ಡಿಕೆ ಅವರಿಗೆ ಗೋಧಿಯ ಮೇಲೆ ಮೊದಲೇ ಅನುಮಾನವಿತ್ತು. 1944-45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಅಲ್ಲಿ ಬ್ರೆಡ್ ಸಿಗದಂತಾಯಿತು. ಊರೆಲ್ಲ ಹಸಿವಿನಿಂದ ಸೊರಗುತ್ತಿರುವಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಡಿಕೆ ಅವರು ತಮ್ಮ ಪ್ರಬಂಧ ಮಂಡಿಸಿದ್ದು 1950ರಲ್ಲಿ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಅಲ್ಲಿಯವರು ಕ್ಷಾಮದಿಂದ ಕಲಿತ ಪಾಠಕ್ಕೆ ಬೇಕಾದ ಧಾನ್ಯವೆಲ್ಲ ನಮ್ಮ ಮಂಡಿಯಲ್ಲಿ ಚೀಲಗಟ್ಟಲೆ ಬಿದ್ದಿದೆ!

ಹಾಗಾದರೆ ಕಷ್ಟ ಎಲ್ಲಿದೆ? ಗೋಧಿಯ ಸಹವಾಸದಲ್ಲಿದೆ.

ಮಂಡಿಪೇಟೆಯ ಅಂಗಡಿಗಳಲ್ಲಿ ಚೀಲಗಳ ಬಾಯಿ ಮಡಚಿ ಸಾಲಾಗಿ ಇಟ್ಟಿರುತ್ತಾರೆ. ಅಕ್ಕಿ, ತೊಗರಿಬೇಳೆ, ಗೋಧಿ, ಗೋಧಿ ನುಚ್ಚು, ಮೈದಾ, ಅಕ್ಕಿ ಹಿಟ್ಟು. ನಾನು ಮೊದಲು ನೋಡುವುದು ಆ ಚೀಲಗಳಲ್ಲಿ ನೆಟ್ಟಿರುವ ತಗಡಿನ ಮೊಗೆಯನ್ನು. ಮೈದಾದಿಂದ ಎದ್ದ ಮೊಗೆಯೇ ಅಕ್ಕಿ ಹಿಟ್ಟಿಗೆ ಇಳಿಯುತ್ತದೆ. ಬೇರೆಯವರಿಗೆ ಅದು ಲೆಕ್ಕಕ್ಕೇ ಇಲ್ಲ. ನನ್ನ ಮಗಳಿಗೆ ಚಿಟಿಕೆ ಹಿಟ್ಟೂ ಲೆಕ್ಕವೇ. ಹಾಗಾಗಿ ಬಿಡಿ ಹಿಟ್ಟನ್ನು ನಾನು ಮುಟ್ಟುವುದೇ ಇಲ್ಲ. ರಾಗಿ, ಅಕ್ಕಿ ಎರಡನ್ನೂ ಹೊಲಿಗೆ ಬಿಚ್ಚದ ಚೀಲದಲ್ಲೇ ಕೇಳುತ್ತೇನೆ.

"ಏಕಮ್ಮ, ನನ್ನ ರಾಗಿಯಲ್ಲಿ ಕಲ್ಲಿದೆಯೇ?" ಎಂದು ಶೆಟ್ಟರು ಒಮ್ಮೆ ಬೇಸರದಿಂದಲೇ ಕೇಳಿದರು.

"ಕಲ್ಲಿದ್ದರೆ ಆಯ್ದುಕೊಳ್ಳುತ್ತೇನೆ ಶೆಟ್ಟರೇ. ಮೈದಾ ಹಾರಿ ಬಿದ್ದಿದ್ದರೆ ಆಯುವುದು ಹೇಗೆ?" ಎಂದೆ. ಮಗಳ ವಿಷಯ ಹೇಳಿದೆ. ಅವರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು, ಪೂರ್ತಿ ಕೇಳಿಸಿಕೊಂಡರು. ಈಗ ನಮಗೆಂದು ಚೀಲವನ್ನು ಒಳಗಿನ ಕೋಣೆಯಲ್ಲಿ ತೆಗೆದಿಡುತ್ತಾರೆ. ಅಂಗಡಿಯವರಿಗೆ ಬಿಡಿಸಿ ಹೇಳುವುದು ನಾಚಿಕೆಯ ಸಂಗತಿ ಎಂದು ಯಾರೂ ತಿಳಿಯಬೇಡಿ. ಪೊಟ್ಟಣದ ಮೇಲಿನ ಎಷ್ಟೋ ಸಾಲುಗಳಿಗಿಂತ ಆ ಒಂದು ಮಾತುಕತೆ ನಮಗೆ ಹೆಚ್ಚು ಉಪಕಾರ ಮಾಡಿದೆ.

ಕಾಳಾಗಿ ತರುವುದರಲ್ಲಿ ಇನ್ನೊಂದು ಅನುಕೂಲವಿದೆ: ಕಾಳನ್ನು ತೊಳೆಯಬಹುದು, ಹಿಟ್ಟನ್ನು ತೊಳೆಯಲಾಗದು. ರಾಗಿಯಲ್ಲಿ ಅಪ್ಪಿತಪ್ಪಿ ಗೋಧಿ ಕಾಳು ಸೇರಿದ್ದರೆ ಅದು ಜರಡಿಯ ಮೇಲೆಯೇ ಉಳಿಯುತ್ತದೆ, ಏಕೆಂದರೆ ಗೋಧಿ ಅದಕ್ಕಿಂತ ಎಷ್ಟೋ ದೊಡ್ಡದು. ಜರಡಿ ಹಿಡಿದ ರಾಗಿಯನ್ನು ಎರಡು ಮೂರು ನೀರಿನಲ್ಲಿ ತೊಳೆದು, ತಾರಸಿಯಲ್ಲಿ ಬಿಳಿ ಪಂಚೆಯ ಮೇಲೆ ಹರಡಿ ಒಣಗಿಸುತ್ತೇವೆ. ಅಕ್ಕಿಯನ್ನು ಜರಡಿ ನಂಬಿ ಬಿಡುವಂತಿಲ್ಲ. ಮೊರದಲ್ಲಿ ಹಾಕಿಕೊಂಡು ಕಣ್ಣಿನಿಂದಲೇ ಆಯಬೇಕು. ಆ ಕೆಲಸ ಅತ್ತೆಯವರದು. ಗೋಧಿ ಕಾಳಿನ ಹೊಟ್ಟೆಯ ಉದ್ದಕ್ಕೂ ಒಂದು ಸೀಳು ಇರುತ್ತದೆ. ಅವರು ಕಾಳನ್ನು ಬೆರಳಿನಲ್ಲಿ ಹೊರಳಿಸಿ, ಉಗುರಿಗೆ ಆ ಸೀಳು ತಾಕಿತೇ ಎಂದು ನೋಡಿ, ಸಿಕ್ಕಿದ್ದನ್ನು ತೆಗೆದು ಬದಿಗಿಡುತ್ತಾರೆ. ಕನ್ನಡಕ ಹುಡುಕುತ್ತಾ ಕೂರುವವರಲ್ಲ ಅವರು.

ಇನ್ನು ಬೀಸುವ ವಿಚಾರ. ಎಲ್ಲಕ್ಕಿಂತ ಹೆಚ್ಚು ತಲೆಕೆಡಿಸಿದ್ದು ಇದೇ. ಬಡಾವಣೆಯ ಹಿಟ್ಟಿನ ಗಿರಣಿಗಳಲ್ಲಿ ರಾಗಿಗೊಂದು, ಗೋಧಿಗೊಂದು, ಖಾರದ ಪುಡಿಗೊಂದು ಯಂತ್ರ ಇರುವುದುಂಟು. ಆದರೆ ಭಾನುವಾರ ಬೆಳಿಗ್ಗೆ ಗೋಧಿಯ ಸಾಲು ಉದ್ದವಾದರೆ ರಾಗಿ ಯಂತ್ರಕ್ಕೂ ಗೋಧಿ ಸುರಿಯುತ್ತಾರೆ. ಹಿಟ್ಟು ಇಳಿಯುವ ಕಡೆ ಬಟ್ಟೆಯ ಉದ್ದನೆಯ ಚೀಲವೊಂದನ್ನು ಕಟ್ಟಿರುತ್ತಾರಲ್ಲ, ಅದನ್ನು ಗಮನಿಸಿ. ಬೀಸುವುದು ಮುಗಿದ ಮೇಲೆ ಗಿರಣಿಯವರು ಅದಕ್ಕೆ ಪಟಪಟನೆ ಹೊಡೆಯುತ್ತಾರೆ. ಮಡಿಕೆಗಳಲ್ಲಿ ಸಿಕ್ಕಿಕೊಂಡಿದ್ದ ಹಿಟ್ಟು ದೊಪ್ಪೆಂದು ನಮ್ಮ ಡಬ್ಬಕ್ಕೆ ಬೀಳುತ್ತದೆ. ಗಿರಾಕಿಗೆ ನಷ್ಟವಾಗಬಾರದೆಂಬ ಪ್ರಾಮಾಣಿಕತೆ ಅದು. ಆದರೆ ಹಾಗೆ ಬಿದ್ದದ್ದರಲ್ಲಿ ಹಿಂದಿನವರ ಗೋಧಿಯೂ ಇರುತ್ತದೆ. ಮೊದಲು ಒಂದು ಸೇರು ಅಕ್ಕಿ ಹಾಕಿ ಓಡಿಸಿದರೆ ಸ್ವಚ್ಛವಾಗುತ್ತದೆ ಎಂದು ಹೇಳುವವರಿದ್ದಾರೆ. ಆ ಬಟ್ಟೆಯನ್ನು ಕಣ್ಣಾರೆ ಕಂಡ ಮೇಲೆ ನನಗೆ ಆ ಧೈರ್ಯ ಬರಲಿಲ್ಲ.

ಕೊನೆಗೆ ಮನೆಯಲ್ಲೇ ಬೀಸುವ ವಿದ್ಯುತ್ ಗಿರಣಿ ಕೊಂಡೆವು. ದುಬಾರಿ, ನಿಜ, ಆ ವರ್ಷ ಬೇರೆ ಎಷ್ಟೋ ಖರ್ಚನ್ನು ಮುಂದೂಡಿದೆವು. ಅದು ಆಗದವರು ಅಕ್ಕಿಯನ್ನು ತೊಳೆದು, ನೆನೆಸಿ, ನೆರಳಿನಲ್ಲಿ ಆರಿಸಿ ಮಿಕ್ಸಿಯಲ್ಲಿ ಪುಡಿ ಮಾಡಿ ಜರಡಿ ಹಿಡಿಯಬಹುದು. ಅಕ್ಕಿ ರೊಟ್ಟಿಗೂ ಕಡುಬಿಗೂ ಅಷ್ಟು ಸಾಕು.

ಗೋಧಿ ಅಡಗಿ ಕೂರುವ ಇನ್ನೊಂದು ಜಾಗ ಇಂಗಿನ ಡಬ್ಬಿ. ಅಂಗಡಿಯಲ್ಲಿ ಸಿಗುವ ಇಂಗು ಬರೀ ಇಂಗಲ್ಲ. ಅದರ ಘಾಟು ಕಡಿಮೆ ಮಾಡಲು ಅಂಟು ಮತ್ತು ಹಿಟ್ಟು ಬೆರೆಸಿರುತ್ತಾರೆ. ಆ ಹಿಟ್ಟು ಬಹಳ ಕಡೆ ಗೋಧಿಯದು ಅಥವಾ ಮೈದಾ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಬೇಕು. ಇಂಗು ಎಂದರೆ ಸಾರಿನ ಪುಡಿ, ಹುಳಿ ಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಹಪ್ಪಳ ಎಲ್ಲವೂ ಬಂದಂತಾಯಿತು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಅಕ್ಕಿ ಉದ್ದಿನದೇ. ಆದರೂ ಹಿಟ್ಟಿಗೆ ರವೆ ಸೇರಿಸಿಲ್ಲವೇ ಎಂದು ಕೇಳಿಯೇ ಕೊಡಿಸುತ್ತೇವೆ. ಸಾಂಬಾರ್ ಬಿಟ್ಟು ಕಾಯಿ ಚಟ್ನಿಯಲ್ಲಿ ತಿನ್ನುತ್ತಾಳೆ.

ನನಗೆ ನಿಜವಾಗಿ ಕೋಪ ಬರಿಸುವುದು ಸಿರಿಧಾನ್ಯದ ಹೆಸರಿನ ಪೊಟ್ಟಣಗಳು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತು. ಆ ಹೊತ್ತಿನಲ್ಲಿ ಅಂಗಡಿಗಳ ತುಂಬ ರಾಗಿ ಬಿಸ್ಕತ್ತು, ನವಣೆ ಕುಕ್ಕಿ, ರಾಗಿ ಶಾವಿಗೆ ಕಂಡವು. ಮುಂದೆ ರಾಗಿ ತೆನೆಯ ಚಿತ್ರ, ಹಿಂದೆ ತಿರುಗಿಸಿದರೆ ಪದಾರ್ಥಗಳ ಸಾಲಿನಲ್ಲಿ ಮೊದಲಿಗೇ ಗೋಧಿ ಹಿಟ್ಟೋ ಮೈದಾವೋ ಕೂತಿರುವುದು ಎಷ್ಟೋ ಸಲ ಕಂಡಿದ್ದೇನೆ. ಯಾವುದು ಹೆಚ್ಚು ಇದೆಯೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಕೊಳ್ಳುವವರು ಆರೋಗ್ಯವನ್ನು ನಂಬಿ ದುಡ್ಡು ಕೊಡುತ್ತಾರೆ. ತೆನೆಯಷ್ಟೇ ದೊಡ್ಡದಾಗಿ ಗೋಧಿ ಎಂದೂ ಅಚ್ಚು ಹಾಕಲಿ ಎಂಬುದು ನನ್ನ ಆಗ್ರಹ. ಅಲರ್ಜಿ ಉಂಟುಮಾಡುವ ಪದಾರ್ಥಗಳನ್ನು ಬೇರೆಯಾಗಿ ತಿಳಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ನಾನು ಆ ಸಾಲನ್ನೇ ಮೊದಲು ಹುಡುಕುತ್ತೇನೆ. ಮಾಲ್ಟ್ ಎಂದು ಕಂಡರೆ ಸಾಮಾನ್ಯವಾಗಿ ಅದು ಬಾರ್ಲಿಯದು, ಹಾಲಿಗೆ ಬೆರೆಸುವ ಪುಡಿಗಳು ಅಲ್ಲಿಗೇ ಹೊರಗೆ. ಸೋಯಾ ಸಾಸ್ ಕೂಡ ಬಹುತೇಕ ಗೋಧಿ ಸೇರಿಸಿ ಮಾಡಿದ್ದು. ಓಟ್ಸ್‌ಗೆ ಹೊಲದಿಂದ ಕಾರ್ಖಾನೆಯವರೆಗೆ ಗೋಧಿ ಸೇರುವ ಅಪಾಯವಿರುವುದರಿಂದ ಅದನ್ನೂ ಬಿಟ್ಟಿದ್ದೇವೆ.

ಗ್ಲುಟೆನ್ ಮುಕ್ತ ಎಂದು ಮುದ್ರಿಸಿದ ಪೊಟ್ಟಣಗಳು ಬಿ.ಎಚ್. ರಸ್ತೆಯ ದೊಡ್ಡ ಅಂಗಡಿಗಳಲ್ಲಿ ಈಗ ಸಿಗುತ್ತವೆ. ಹಾಗೆ ಮುದ್ರಿಸಬೇಕಾದರೆ ಕೆ.ಜಿ.ಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು. ಪ್ರವಾಸಕ್ಕೆ, ಹುಟ್ಟುಹಬ್ಬಕ್ಕೆ ಅವು ಬೇಕು, ಕೊಳ್ಳುತ್ತೇನೆ. ಆದರೆ ಆ ಹಿಟ್ಟಿಗೆ ಗೋಧಿ ಹಿಟ್ಟಿನ ಹಲವು ಪಟ್ಟು ಬೆಲೆ. ದಿನವೂ ಅದರಲ್ಲೇ ಚಪಾತಿ ಮಾಡುತ್ತೇನೆಂದು ಹೊರಟರೆ ಮಧ್ಯಮ ವರ್ಗದ ಮನೆ ನಡೆಯುವುದಿಲ್ಲ. ಚಪಾತಿಯ ನಕಲು ಮಾಡುವುದಕ್ಕಿಂತ ಮುದ್ದೆ ಕಟ್ಟುವುದು ಮೇಲು.

ಹಬ್ಬಗಳಲ್ಲಿ ಒಂದಿಷ್ಟು ಬದಲಾಗಿದೆ. ಹೋಳಿಗೆಯ ಕಣಕಕ್ಕೆ ಸಾಮಾನ್ಯವಾಗಿ ಮೈದಾ ಬೇಕು, ಹಾಗಾಗಿ ಯುಗಾದಿಗೂ ಈಗ ನಮ್ಮಲ್ಲಿ ಅಕ್ಕಿ ಹಿಟ್ಟಿನ ಸಿಹಿ ಕಡುಬು, ಹೂರಣ ಅದೇ. ಸತ್ಯನಾರಾಯಣ ಪೂಜೆಗೆ ಕರೆದವರು ರವೆಯ ಸಜ್ಜಿಗೆ ಕೊಟ್ಟಾಗ ಮಗಳು ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಡುತ್ತಾಳೆ, ಬಾಳೆಹಣ್ಣು ತಿನ್ನುತ್ತಾಳೆ. ಪ್ರಸಾದ ಒಂದು ಕಾಳಾದರೂ ಬಾಯಿಗೆ ಹಾಕಿಕೋ ಎಂದು ಒತ್ತಾಯಿಸುವ ಹಿರಿಯರಿಗೆ ಅತ್ತೆಯವರೇ ಉತ್ತರ ಕೊಡುತ್ತಾರೆ.

ಒಂದು ಮಾತನ್ನು ಹೇಳಲೇಬೇಕು. ನಿಮ್ಮ ಮಗುವಿಗೂ ಇದೇ ಇರಬಹುದೆಂಬ ಅನುಮಾನ ಬಂದರೆ ಕೂಡಲೇ ಗೋಧಿ ಬಿಡಿಸಬೇಡಿ. ಗೋಧಿ ತಿನ್ನುತ್ತಿರುವಾಗಲೇ ರಕ್ತ ಪರೀಕ್ಷೆ ಮಾಡಿಸಬೇಕು, ಅಗತ್ಯವಿದ್ದರೆ ಎಂಡೋಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದು ನೋಡುತ್ತಾರೆ. ಮೊದಲೇ ಬಿಟ್ಟುಬಿಟ್ಟರೆ ಪರೀಕ್ಷೆಯಲ್ಲಿ ಏನೂ ಕಾಣದೆ ಹೋಗಬಹುದು. ಇದು ರಕ್ತಸಂಬಂಧದಲ್ಲಿ ಬರುವ ಸಾಧ್ಯತೆ ಇರುವುದರಿಂದ ಒಡಹುಟ್ಟಿದವರಿಗೂ ತಂದೆತಾಯಿಗೂ ಪರೀಕ್ಷೆ ಮಾಡಿಸುವುದು ಒಳ್ಳೆಯದು. ನಾವೂ ಮಾಡಿಸಿದೆವು. ಮಗನಿಗೆ ಇಲ್ಲ, ನಮ್ಮಿಬ್ಬರಿಗೂ ಇಲ್ಲ. ಆದರೂ ಮನೆಯೊಳಗೆ ಗೋಧಿ ತರುವುದನ್ನು ಪೂರ್ತಿ ನಿಲ್ಲಿಸಿದ್ದೇವೆ. ಮಗನಿಗೆ ಪರೋಟ ಬೇಕೆನಿಸಿದರೆ ಅವರಪ್ಪ ಹೋಟೆಲಿಗೆ ಕರೆದುಕೊಂಡು ಹೋಗುತ್ತಾರೆ.