ಬೆಳಿಗ್ಗೆ ಐನೊಕುರಾ, ಸಂಜೆ ಶಿರಕಾವಾಗೊ: ಒಬ್ಬರೇ ಹೊರಟವರಿಗೆ

ಜಪಾನಿಗೆ ಹೋಗುವ ನಮ್ಮವರು ಹುಲ್ಲಿನ ಸೂರಿನ ಹಳ್ಳಿ ನೋಡಬೇಕು ಅಂದರೆ ಶಿರಕಾವಾಗೊ ಒಂದನ್ನೇ ಹಾಕಿಕೊಳ್ಳುತ್ತಾರೆ. ಬೆಳಿಗ್ಗೆ ತಕಾಯಾಮಾದಿಂದ ಬಸ್ಸು, ಮಧ್ಯಾಹ್ನ ಇನ್ನೊಂದು ಬಸ್ಸು ಹತ್ತಿ ಕಾನಾಝಾವಾ, ನಡುವೆ ಎರಡು ಮೂರು ಗಂಟೆ ಹಳ್ಳಿ. ದಯವಿಟ್ಟು ಹಾಗೆ ಮಾಡಬೇಡಿ. ಆ ಎರಡು ಮೂರು ಗಂಟೆ ಎಲ್ಲ ಟೂರ್ ಬಸ್ಸುಗಳೂ ಬಂದು ನಿಲ್ಲುವ ಹೊತ್ತು. ಹಳ್ಳಿ ಕಾಣುವುದಿಲ್ಲ, ಮುಂದೆ ನಡೆಯುತ್ತಿರುವವರ ಬೆನ್ನು ಕಾಣುತ್ತೆ.

1995ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಒಂದು ಹಳ್ಳಿ ಅಲ್ಲ, ಮೂರು. ಗಿಫು ಪ್ರಾಂತ್ಯದ ಒಗಿಮಾಚಿ ಒಂದು. ಶಿರಕಾವಾಗೊ ಅಂತ ಎಲ್ಲರೂ ಹೋಗುವುದು ಇಲ್ಲಿಗೇ. ಉಳಿದೆರಡು ತೊಯಾಮಾ ಪ್ರಾಂತ್ಯದ ಗೊಕಾಯಾಮಾದಲ್ಲಿವೆ: ಐನೊಕುರಾ ಮತ್ತು ಸುಗಾನುಮಾ. ಮೂರೂ ಒಂದೇ ಬಸ್ಸಿನ ದಾರಿಯಲ್ಲಿ ಸಿಗುತ್ತವೆ. ತಕಾವೊಕಾ ಊರಿನಿಂದ ಹೊರಟು, ಶಿನ್-ತಕಾವೊಕಾ ಬುಲೆಟ್ ಟ್ರೈನ್ ಸ್ಟೇಷನ್ ಮುಟ್ಟಿ, ಗೊಕಾಯಾಮಾ ಹಾದು ಶಿರಕಾವಾಗೊಗೆ ಬರುವ ಬಸ್ಸು ಅದು. ನಾನು ಹಿಂದಿನ ರಾತ್ರಿ ತಕಾವೊಕಾದ ಸ್ಟೇಷನ್ ಹತ್ತಿರ ಉಳಿದೆ, ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ನನ್ನ ಸಲಹೆ ಇಷ್ಟೇ: ಬೆಳಗ್ಗಿನ ಹೊತ್ತನ್ನೆಲ್ಲಾ ಐನೊಕುರಾಗೆ ಕೊಡಿ. ಮಧ್ಯಾಹ್ನ ಮೂರರ ಹೊತ್ತಿಗೆ ಒಗಿಮಾಚಿಗೆ ಇಳಿಯಿರಿ. ರಾತ್ರಿಗೆ ತಕಾಯಾಮಾ.

ಈ ಬಸ್ಸಿನ ವಿಷಯದಲ್ಲೇ ನನಗೆ ಮೋಸ ಆಯಿತು, ಅದನ್ನು ಮೊದಲು ಹೇಳಿಬಿಡ್ತೀನಿ. ಬೆಂಗಳೂರಿನಲ್ಲಿ ಕೂತು ಹುಡುಕುವಾಗ ಒಂದು ಆನ್‌ಲೈನ್ ಏಜೆನ್ಸಿ ಈ ದಾರಿಗೆ 'ಕಾಯ್ದಿರಿಸಿದ ಸೀಟು' ಮಾರುತ್ತಿತ್ತು. ನವೆಂಬರ್ ಮೊದಲ ವಾರ, ಎಲೆ ಕೆಂಪಾಗುವ ಸಮಯ, ಸೀಟು ಸಿಗುವುದೇ ಕಷ್ಟ ಅಂತ ಬರೆದಿದ್ದರು. ಒಬ್ಬಳೇ ಹೋಗುವವಳು, ಬಸ್ಸು ತಪ್ಪಿದರೆ ಗತಿಯೇನು ಅಂತ ದುಡ್ಡು ಕಟ್ಟಿದೆ. ಬೆಳಿಗ್ಗೆ ಡ್ರೈವರ್‌ಗೆ ಫೋನಿನಲ್ಲಿ ವೋಚರ್ ತೋರಿಸಿದರೆ ಅವರು ಅದನ್ನು ಎರಡು ಸಲ ಓದಿ ಇಲ್ಲ ಅಂತ ತಲೆಯಾಡಿಸಿದರು. ಈ ಬಸ್ಸಿಗೆ ರಿಸರ್ವೇಷನ್ ಅನ್ನುವುದೇ ಇಲ್ಲ! ಬಂದವರು ಸಾಲಿನಲ್ಲಿ ನಿಂತು ಹತ್ತುವುದು, ಇಳಿಯುವಾಗ ದುಡ್ಡು ಕೊಡುವುದು. ಆ ವೋಚರ್‌ಗೆ ಅಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ. ಮತ್ತೆ ಪೂರ್ತಿ ಚಾರ್ಜು ಕೊಟ್ಟೇ ಪ್ರಯಾಣ ಮಾಡಿದೆ. ಆಮೇಲೆ ಏಜೆನ್ಸಿಗೆ ಮೇಲ್ ಮೇಲೆ ಮೇಲ್ ಹಾಕಿದೆ. 'ಬಳಸದ ವೋಚರ್‌ಗೆ ಹಣ ವಾಪಸ್ ಇಲ್ಲ' ಅನ್ನುವ ಒಂದೇ ಉತ್ತರ. ಒಂದೊಂದು ರೂಪಾಯಿ ಲೆಕ್ಕ ಹಾಕಿ ಹೊರಟವರಿಗೆ ಇದು ನಿಜಕ್ಕೂ ಹೊಟ್ಟೆ ಉರಿಸುವ ವಿಷಯ. ಯಾರಾದರೂ ಈ ದಾರಿಗೆ ಸೀಟು ಕಾಯ್ದಿರಿಸಿ ಕೊಡ್ತೀವಿ ಅಂದರೆ ನಂಬಬೇಡಿ. ಬಸ್ಸಿನವರದೇ ವೆಬ್‌ಸೈಟಿನಲ್ಲಿ ವೇಳಾಪಟ್ಟಿ ನೋಡಿ, ಸ್ಟಾಪಿಗೆ ಅರ್ಧ ಗಂಟೆ ಮೊದಲು ಹೋಗಿ ನಿಲ್ಲಿ, ಸಾಕು.

ಬಸ್ಸಿನಲ್ಲಿ ಕಂಡಕ್ಟರ್ ಇರುವುದಿಲ್ಲ. ಹತ್ತುವಾಗ ಬಾಗಿಲ ಬಳಿ ಒಂದು ಚಿಕ್ಕ ಚೀಟಿ ಬರುತ್ತೆ, ಅದರಲ್ಲಿ ನಂಬರ್ ಇರುತ್ತೆ. ಕಳೆಯದೆ ಇಟ್ಟುಕೊಳ್ಳಿ. ಮುಂದಿನ ಬೋರ್ಡಿನಲ್ಲಿ ನಿಮ್ಮ ನಂಬರಿನ ಕೆಳಗೆ ಚಾರ್ಜು ಕಾಣುತ್ತೆ. ಇಳಿಯುವಾಗ ಚೀಟಿ ಮತ್ತು ಸರಿಯಾದ ಚಿಲ್ಲರೆ ಎರಡನ್ನೂ ಡಬ್ಬಿಗೆ ಹಾಕಬೇಕು. ಸಾವಿರ ಯೆನ್ ನೋಟು ಮುರಿಸಲು ಡ್ರೈವರ್ ಪಕ್ಕದಲ್ಲೇ ಮಿಷನ್ ಇದೆ, ಹತ್ತು ಸಾವಿರದ ನೋಟಿಗೆ ಅಲ್ಲಿ ಚಿಲ್ಲರೆ ಸಿಗಲ್ಲ. ಸಾವಿರದ ನೋಟುಗಳನ್ನು ಜಾಸ್ತಿ ಇಟ್ಟುಕೊಂಡಿರಿ. ಹಳ್ಳಿಗಳಲ್ಲೂ ಅವೇ ಬೇಕಾಗುತ್ತವೆ.

ಐನೊಕುರಾಗೆ ಬಸ್ಸು ಒಳಗೆ ಹೋಗುವುದಿಲ್ಲ. ಮುಖ್ಯ ರಸ್ತೆಯಲ್ಲಿ ಇಳಿದು ಸ್ವಲ್ಪ ಏರು ಹತ್ತಬೇಕು. ಐದು ಹತ್ತು ನಿಮಿಷದ ನಡಿಗೆ. ನಾನು ಹೋದಾಗ ನನ್ನ ಜೊತೆ ಇಳಿದವರು ಒಬ್ಬ ವಯಸ್ಸಾದ ಜಪಾನಿ ದಂಪತಿ ಮಾತ್ರ. ಇಪ್ಪತ್ತರ ಆಸುಪಾಸಿನಲ್ಲಿ ಹುಲ್ಲಿನ ಸೂರಿನ ಮನೆಗಳು, ನಡುವೆ ಪುಟ್ಟ ಗದ್ದೆಗಳು, ಕಲ್ಲು ಕಟ್ಟಿದ ಬದುಗಳು, ಹಿಂದೆ ಕಡಿದಾದ ಗುಡ್ಡ. ಆ ಗುಡ್ಡದ ಕಾಡಿನಲ್ಲಿ ಮರ ಕಡಿಯುವುದಕ್ಕೆ ಹಿಂದಿನಿಂದಲೂ ಬಿಟ್ಟಿಲ್ಲ. ಚಳಿಗಾಲದಲ್ಲಿ ಹಿಮ ಜಾರಿ ಹಳ್ಳಿಯ ಮೇಲೆ ಬೀಳದ ಹಾಗೆ ತಡೆಯುವುದು ಆ ಮರಗಳೇ.

ಚಾವಣಿಯ ಇಳಿಜಾರು ಸುಮಾರು 60 ಡಿಗ್ರಿ. ಹತ್ತಿರ ನಿಂತು ನೋಡಿದಾಗಲೇ ಅದು ಎಷ್ಟು ಕಡಿದು ಅಂತ ಗೊತ್ತಾಗುವುದು. ಭಾರೀ ಹಿಮ ಬೀಳುವ ಊರು, ನಿಲ್ಲದೆ ಜಾರಲಿ ಅಂತ ಹಾಗೆ ಮಾಡಿದ್ದಾರೆ. ಹುಲ್ಲಿನ ದಪ್ಪ ನನ್ನ ತೋಳಿನ ಉದ್ದಕ್ಕಿಂತ ಕಡಿಮೆ ಇರಲಿಲ್ಲ. ಚಾವಣಿಯ ಮರಗಳನ್ನು ಮೊಳೆ ಹೊಡೆದು ಕೂಡಿಸಿಲ್ಲ. ಹುಲ್ಲಿನ ಹಗ್ಗ, ಹಸಿಯಾಗಿದ್ದಾಗ ತಿರುಚಿ ಕಟ್ಟಿದ ಎಳೆಯ ಕೊಂಬೆಗಳು, ಅಷ್ಟೇ. ಕೊಂಬೆ ಒಣಗಿದಂತೆ ಗಂಟು ಬಿಗಿಯಾಗುತ್ತೆ. ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಹುಲ್ಲು ಬದಲಾಯಿಸಬೇಕು, ಒಂದು ಮನೆಯವರಿಂದ ಆಗುವ ಕೆಲಸ ಅಲ್ಲ. ಊರಿಗೆ ಊರೇ ಸೇರುತ್ತೆ. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ನಮ್ಮ ಕಡೆಯ ಮುಯ್ಯಾಳು ಇದ್ದ ಹಾಗೇ.

ನಾನು ಹೋದ ದಿನ ಒಂದು ಮನೆಗೆ ಚಳಿಗಾಲದ ತಯಾರಿ ನಡೆದಿತ್ತು. ಗಂಡ ಹೆಂಡತಿ ಇಬ್ಬರೂ ಎಪ್ಪತ್ತು ದಾಟಿದವರು. ಗೋಡೆಯ ಸುತ್ತ ಕಂಬ ನಿಲ್ಲಿಸಿ, ಅಡ್ಡ ಗಳ ಕಟ್ಟಿ, ಅದಕ್ಕೆ ಒಣಹುಲ್ಲಿನ ತಟ್ಟಿಗಳನ್ನು ಬಿಗಿಯುತ್ತಿದ್ದರು. ಗಂಡ ಹಗ್ಗವನ್ನು ಎರಡು ಸುತ್ತು ಸುತ್ತಿ, ಕಾಲನ್ನು ಕಂಬಕ್ಕೆ ಒತ್ತಿ ಹಿಡಿದು ಎಳೆದು, ಗಂಟು ಹಾಕಿ, ತುದಿಯನ್ನು ಕುಡುಗೋಲಿನಿಂದ ಕತ್ತರಿಸುವುದು. ಆಕೆ ಅಷ್ಟರಲ್ಲಿ ಮುಂದಿನ ತಟ್ಟಿ ಎತ್ತಿ ಹಿಡಿಯುವುದು. ಇಬ್ಬರೂ ಒಂದು ಮಾತು ಆಡಲಿಲ್ಲ, ಕೈ ಒಂದು ಕ್ಷಣ ನಿಲ್ಲಲಿಲ್ಲ. ದೂರ ನಿಂತು ಎಷ್ಟೋ ಹೊತ್ತು ನೋಡಿದೆ. ಫೋಟೋ ತೆಗೆಯಲು ಮನಸ್ಸು ಬರಲಿಲ್ಲ. ಇದು ಜನ ಬದುಕುತ್ತಿರುವ ಊರು. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಐದರವರೆಗೆ ಮಾತ್ರ ಬನ್ನಿ ಅಂತ ಊರಿನವರು ಕೇಳಿಕೊಂಡಿದ್ದಾರೆ. ಅದನ್ನು ಪಾಲಿಸಿ. ಅಂಗಳಕ್ಕೆ ಕಾಲಿಡಬೇಡಿ, ಬಾಗಿಲಲ್ಲಿ ಇಣುಕಬೇಡಿ. ಸಿಗರೇಟಂತೂ ಸುತಾರಾಂ ಬೇಡ, ಒಂದು ಕಿಡಿ ಸಾಕು.

ಈಗ ಊಟ. ಸಸ್ಯಾಹಾರಿಗಳಿಗೆ ಜಪಾನಿನ ಗುಡ್ಡಗಾಡು ನಿಜವಾದ ಕಷ್ಟ. ಕಾಡಿನ ಸೊಪ್ಪು ಹಾಕಿದ ಸೋಬಾ ನೂಡಲ್ಸ್ ಅಂತ ಬೋರ್ಡ್ ನೋಡಿ ಖುಷಿಪಡಬೇಡಿ, ಅದರ ಸಾರಿಗೆ ಸಾಮಾನ್ಯವಾಗಿ ಒಣಮೀನು ಬಿದ್ದಿರುತ್ತೆ. 'ಮಾಂಸ, ಮೀನು, ಮೀನಿನ ಸಾರು, ಮೊಟ್ಟೆ ತಿನ್ನುವುದಿಲ್ಲ' ಅಂತ ಜಪಾನಿ ಭಾಷೆಯಲ್ಲಿ ಬರೆಸಿದ ಚೀಟಿ ನನ್ನ ಬಳಿ ಇತ್ತು. ಐನೊಕುರಾದಲ್ಲಿ ಒಬ್ಬ ಅಜ್ಜಿ ನಡೆಸುವ ಸಣ್ಣ ಅಂಗಡಿ ಇದೆ, ನಾಲ್ಕು ಮೇಜು, ಒಂದು ಸೀಮೆಎಣ್ಣೆ ಹೀಟರ್. ಚೀಟಿ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ಸೋಬಾ ಕಡೆ ತೋರಿಸಿ ಎರಡು ಕೈ ಅಡ್ಡ ಹಿಡಿದರು, ಬೇಡ ಅಂತ. ನಾನು ಎದ್ದು ಹೊರಡಲು ನೋಡಿದರೆ ಕೈ ಬೀಸಿ ಕೂರಿಸಿದರು.

ಹತ್ತು ನಿಮಿಷದಲ್ಲಿ ತಟ್ಟೆ ಬಂತು. ಹೊಗೆಯಾಡುವ ಅನ್ನ. ಗೊಕಾಯಾಮಾದ್ದೇ ಆದ ಗಟ್ಟಿ ತೋಫು, ದಪ್ಪ ಹೋಳು, ಮೇಲೆ ಮಿಸೊ, ಅಂದರೆ ಸೋಯಾ ಹುದುಗಿಸಿ ಮಾಡಿದ ಉಪ್ಪುಪ್ಪಾದ ಗೊಜ್ಜು, ಸವರಿ ಸುಟ್ಟದ್ದು. ಈ ತೋಫುವನ್ನು ಹಿಂದೆ ಹಗ್ಗದಲ್ಲಿ ಕಟ್ಟಿ ಹೊತ್ತುಕೊಂಡು ಹೋಗುತ್ತಿದ್ದರಂತೆ. ತಿಂದ ಮೇಲೆ ಆ ಮಾತು ನಂಬಿದೆ, ಕಡ್ಡಿಯಲ್ಲಿ ಎಷ್ಟು ಒತ್ತಿದರೂ ಒಡೆಯಲ್ಲ, ಅಗಿದಷ್ಟೂ ಸೋಯಾ ಕಾಳಿನ ರುಚಿ ಬಿಡುತ್ತೆ. ಪಕ್ಕದಲ್ಲಿ ಕೆಂಪು ಟರ್ನಿಪ್ಪಿನ ಉಪ್ಪಿನಕಾಯಿ, ಹುಳಿ ಹದವಾಗಿ, ಹಲ್ಲಿಗೆ ಕಟುಂ ಅನ್ನುವಂಥದ್ದು. ಕೊನೆಗೆ ಕಾಡಿನ ಒಂದು ಬೀಜದ ಹಿಟ್ಟು ಬೆರೆಸಿ ಕುಟ್ಟಿದ ಮೋಚಿ, ಅಂಟು ಅಕ್ಕಿಯ ಮುದ್ದೆ. ಕಹಿ ತೆಗೆಯಲು ಆ ಬೀಜವನ್ನು ದಿನಗಟ್ಟಲೆ ನೀರಿನಲ್ಲಿ, ಬೂದಿಯಲ್ಲಿ ಇಡಬೇಕಂತೆ. ಕೊನೆಯಲ್ಲಿ ನಾಲಿಗೆಯ ಮೇಲೆ ಒಂದು ಚೂರು ಕಹಿ ಉಳಿಯುತ್ತೆ, ಅದೇ ಚೆನ್ನ. ಅನ್ನ ಖಾಲಿಯಾದ ತಕ್ಷಣ ಕೇಳದೆಯೇ ಇನ್ನೊಂದು ಬಟ್ಟಲು ತಂದಿಟ್ಟರು. ಎಲ್ಲಕ್ಕೂ ಸೇರಿ 800 ಯೆನ್. ಟೋಕಿಯೋದಲ್ಲಿ ಇದಕ್ಕೆ ಎರಡು ಪಟ್ಟು ಕೊಟ್ಟು ಇದರ ಅರ್ಧ ರುಚಿಯೂ ಇಲ್ಲದ ಊಟ ಮಾಡಿದ್ದೇನೆ. ಇಡೀ ಪ್ರವಾಸದಲ್ಲಿ ನನಗೆ ಹೊಟ್ಟೆ ತುಂಬಿದ್ದು ಇಲ್ಲೇ.

ಅಂಗಡಿಗಳು ಮಧ್ಯಾಹ್ನ ಎರಡರ ಮೇಲೆ ಮುಚ್ಚಿರಬಹುದು, ವಾರದಲ್ಲಿ ಯಾವ ದಿನ ರಜೆ ಅಂತಲೂ ಹೇಳಲಾಗಲ್ಲ. ಬ್ಯಾಗಿನಲ್ಲಿ ಉಮೆಬೋಶಿ ಒನಿಗಿರಿ, ಅಂದರೆ ಉಪ್ಪು ಹಾಕಿದ ಹುಳಿ ಹಣ್ಣು ತುಂಬಿದ ಅನ್ನದ ಉಂಡೆ, ಒಂದೆರಡು ಇರಲಿ. ಕಸದ ಬುಟ್ಟಿ ಎಲ್ಲೂ ಸಿಗಲ್ಲ, ಕಸಕ್ಕೂ ಒಂದು ಕವರ್ ಇಟ್ಟುಕೊಳ್ಳಿ. ಹಳ್ಳಿಯ ಮೇಲಿನ ನೋಟಕ್ಕೆ ಒಂದು ಸಣ್ಣ ದಾರಿ ಇದೆ, ಅಲ್ಲಿಗೆ ಹೋಗಿ. ಅದಕ್ಕೂ ಮೇಲೆ ಕಾಡಿನ ದಾರಿಯಲ್ಲಿ ಒಬ್ಬರೇ ಹೋಗಬೇಡಿ. ಶರತ್ಕಾಲದಲ್ಲಿ ಈ ಭಾಗದಲ್ಲಿ ಕರಡಿ ಓಡಾಡುತ್ತೆ. ಸ್ಥಳೀಯರೇ ಬ್ಯಾಗಿಗೆ ಗಂಟೆ ಕಟ್ಟಿಕೊಂಡು ನಡೆಯುತ್ತಾರೆ.

ಸುಗಾನುಮಾದಲ್ಲಿ ನಾನು ಇಳಿಯಲಿಲ್ಲ. ಒಂಬತ್ತೇ ಹುಲ್ಲಿನ ಮನೆಗಳ ಪುಟ್ಟ ಊರು. ಬಸ್ಸಿನ ಕಿಟಕಿಯಿಂದ ಕೆಳಗೆ ನದಿಯ ಪಕ್ಕ ಕಾಣುತ್ತೆ. ಬಸ್ಸು ದಿನಕ್ಕೆ ಕೆಲವೇ ಕೆಲವು, ಒಂದು ತಪ್ಪಿದರೆ ಮುಂದಿನದಕ್ಕೆ ಬಹಳ ಕಾಯಬೇಕು. ಒಂದೇ ದಿನದಲ್ಲಿ ಮೂರೂ ಊರು ಸುತ್ತಿ ಯಾವುದನ್ನೂ ನೋಡದೆ ಬರುವುದಕ್ಕಿಂತ ಎರಡು ಸಾಕು.

ಒಗಿಮಾಚಿ ಬಸ್ ನಿಲ್ದಾಣದಲ್ಲಿ ಇಳಿದಾಗ ಇನ್ನೂ ನೂಕುನುಗ್ಗಲು ಇತ್ತು. ನನಗೆ ಜನಜಂಗುಳಿ ಆಗುವುದಿಲ್ಲ, ಅದಕ್ಕೇ ಈ ಊರಿನ ಬಗ್ಗೆ ನನ್ನ ಮಾತು ಸ್ವಲ್ಪ ಕಟುವಾಗಿ ಕೇಳಿಸಬಹುದು. 1,500ರಷ್ಟು ಜನ ಇರುವ ಪಂಚಾಯ್ತಿ, ವರ್ಷಕ್ಕೆ ಹದಿನೈದು ಲಕ್ಷಕ್ಕೂ ಮೀರಿ ಪ್ರವಾಸಿಗರು. ತೂಗುಸೇತುವೆಯ ಮೇಲೆ ಸಾಲು, ಐಸ್‌ಕ್ರೀಮಿಗೆ ಸಾಲು, ಟಾಯ್ಲೆಟ್ಟಿಗೆ ಸಾಲು. ಮುಖ್ಯ ಬೀದಿಯ ಅಂಗಡಿಗಳಲ್ಲಿ ಏನೂ ಕೊಳ್ಳಬೇಕಾಗಿಲ್ಲ. ಮೂರೂವರೆ ಆಗುತ್ತಿದ್ದ ಹಾಗೆ ಟೂರ್ ಬಸ್ಸುಗಳು ಒಂದೊಂದೇ ಹೊರಟವು. ನಾಲ್ಕರ ಹೊತ್ತಿಗೆ ಹಿಂದಿನ ಓಣಿಗಳಲ್ಲಿ ಆರಾಮಾಗಿ ನಡೆಯಬಹುದಿತ್ತು.

ಇಲ್ಲಿ ಒಂದು ಮನೆ ಒಳಗಿನಿಂದ ನೋಡಲೇಬೇಕು ಅಂದರೆ ವಾದಾ ಮನೆತನದ್ದು. ಊರಿನಲ್ಲೇ ದೊಡ್ಡದು, ಒಂದು ಭಾಗದಲ್ಲಿ ಮನೆಯವರು ಈಗಲೂ ಇದ್ದಾರೆ. ಸಂಜೆ ಬೇಗ ಮುಚ್ಚುತ್ತಾರೆ, ಊರು ತಲುಪಿದ ಕೂಡಲೇ ಮೊದಲು ಇಲ್ಲಿಗೇ ಹೋಗಿಬಿಡಿ. ಅಟ್ಟ ಹತ್ತಿದರೆ ರೇಷ್ಮೆ ಹುಳು ಸಾಕುತ್ತಿದ್ದ ತಟ್ಟೆಗಳು, ಸಾಮಾನುಗಳು. ನಮ್ಮದು ಶಿಡ್ಲಘಟ್ಟದ ಕಡೆಯ ರೇಷ್ಮೆ ಮನೆ, ಹಾಗಾಗಿ ನಾನು ಅಲ್ಲಿಂದ ಬೇಗ ಇಳಿಯಲಿಲ್ಲ. ಕೆಳಗೆ ನೆಲದಲ್ಲಿ ತೋಡಿದ ಒಲೆ, ಅದರ ಬಿಸಿ ಅಟ್ಟಕ್ಕೆ ಏರುತ್ತೆ. ಎರಡೂ ತುದಿಯಲ್ಲಿ ಕಿಟಕಿ, ಗಾಳಿ ಬೆಳಕು ಆರಪಾರು. ಒಲೆಯ ಹೊಗೆ ಹುಲ್ಲಿಗೂ ಹಗ್ಗಕ್ಕೂ ಹಿಡಿದು ಹುಳ ಬೀಳದ ಹಾಗೆ ಕಾಯುತ್ತೆ. ಹುಳುವಿನ ಹಿಕ್ಕೆಯನ್ನೂ ಬಿಡುತ್ತಿರಲಿಲ್ಲ. ಒಲೆಯ ಪಕ್ಕ ನೆಲದಡಿಯ ಗುಂಡಿಯಲ್ಲಿ ಮಣ್ಣು, ಸೊಪ್ಪಿನ ಜೊತೆ ವರ್ಷಗಟ್ಟಲೆ ಕೊಳೆಸಿ ಪೆಟ್ಲುಪ್ಪು ತೆಗೆಯುತ್ತಿದ್ದರು, ಕೋವಿ ಮದ್ದಿಗೆ. ಗೊಕಾಯಾಮಾದಿಂದ ಅದು ಕಾನಾಝಾವಾದಿಂದ ಆಳುತ್ತಿದ್ದ ಕಾಗಾ ಸಂಸ್ಥಾನಕ್ಕೆ ಹೋಗುತ್ತಿತ್ತು. ವಾದಾ ಮನೆಯವರೂ ಆ ವ್ಯಾಪಾರ ಮಾಡಿದವರೇ. ಪ್ರವೇಶಕ್ಕೆ ನಾನು ಕೊಟ್ಟಿದ್ದು 400 ಯೆನ್. ಆ ದುಡ್ಡಿಗೆ ಪೂರ್ತಿ ಸಾರ್ಥಕ.

ಇಷ್ಟು ಮನೆಗಳು ಉಳಿದಿರುವುದಕ್ಕೂ ಊರಿನವರೇ ಕಾರಣ. ಅಣೆಕಟ್ಟು ಕಟ್ಟಿ ಕಣಿವೆಯ ಎಷ್ಟೋ ಹಳ್ಳಿ ಮುಳುಗಿ, ಹುಲ್ಲಿನ ಮನೆಗಳು ಬೇರೆ ಊರುಗಳ ಪಾಲಾಗುತ್ತಿದ್ದ ಕಾಲದಲ್ಲಿ, 1971ರಲ್ಲಿ, ಒಗಿಮಾಚಿಯವರು ಸಂಘ ಕಟ್ಟಿ ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ ಅಂತ ಕಟ್ಟು ಮಾಡಿಕೊಂಡರು. ಇಲ್ಲಿನ ಜನಜಂಗುಳಿಗೆ ನನಗೆ ಎಷ್ಟೇ ಸಿಟ್ಟು ಬಂದರೂ ಈ ಒಂದು ವಿಷಯಕ್ಕೆ ಆ ಊರಿನವರ ಮೇಲೆ ಗೌರವ ಇದೆ.

ಗುಡ್ಡದ ಮೇಲಿನ ವ್ಯೂ ಪಾಯಿಂಟಿಗೆ ನಡೆದೇ ಹೋಗಬಹುದು, ಇಪ್ಪತ್ತು ನಿಮಿಷ. ಹಿಮ ಬಿದ್ದಾಗ ಕಾಲುದಾರಿ ಮುಚ್ಚಿರುತ್ತಾರೆ. ಜನವರಿ, ಫೆಬ್ರವರಿಯಲ್ಲಿ ಮನೆಗಳ ಮೇಲೆ ದೀಪ ಬಿಡುವ ಸಂಜೆಗಳಿಗೆ ಮುಂಗಡ ಬುಕಿಂಗ್ ಇಲ್ಲದೆ ಬಿಡುವುದಿಲ್ಲ, ಸುಮ್ನೆ ಹೋಗಿ ನಿಂತರೆ ಪ್ರಯೋಜನ ಇಲ್ಲ.

ಹುಲ್ಲಿನ ಮನೆಯಲ್ಲೇ ರಾತ್ರಿ ಉಳಿಯಬೇಕು ಅಂತ ನನಗೂ ಆಸೆ ಇತ್ತು. ವಿಚಾರಿಸಿದ ಕಡೆಯಲ್ಲೆಲ್ಲ ಒಬ್ಬರಿಗೆ ಕೊಡಲ್ಲ, ಇಲ್ಲ ಇಬ್ಬರ ದುಡ್ಡು ಕೊಡಿ ಅಂದರು. ಮೇಲಾಗಿ ರಾತ್ರಿ ಊಟ ಸೇರಿಯೇ ಬಾಡಿಗೆ, ಆ ಊಟದಲ್ಲಿ ಮೀನು ಇದ್ದೇ ಇರುತ್ತೆ. ಸಸ್ಯಾಹಾರಿಗಳಾದ ಒಂಟಿ ಪ್ರಯಾಣಿಕರಿಗೆ ಅಷ್ಟು ಖರ್ಚು ಮಾಡಿ ಅಂತ ನಾನು ಹೇಳಲ್ಲ. ಜೊತೆಗಾರರಿದ್ದರೆ, ಮೀನು ತಿನ್ನುವವರಾದರೆ, ಐನೊಕುರಾದಲ್ಲಿ ಉಳಿಯಿರಿ.

ಒಗಿಮಾಚಿಯಿಂದ ತಕಾಯಾಮಾಗೆ ಬಸ್ಸಿನಲ್ಲಿ 50 ನಿಮಿಷ. ಈ ದಾರಿಯ ಕಥೆ ಬೇರೆ. ಇಲ್ಲಿ ಕೆಲವು ಬಸ್ಸಿಗೆ ರಿಸರ್ವೇಷನ್ ಇದೆ, ಕೆಲವಕ್ಕೆ ಇಲ್ಲ, ಸಂಜೆಯದು ತುಂಬಿ ಹೋಗುತ್ತೆ. ರಿಸರ್ವೇಷನ್ ಇರುವ ಬಸ್ಸನ್ನೇ ನೋಡಿ ಮೊದಲೇ ಸೀಟು ಹಿಡಿಯಿರಿ, ಅದೂ ಬಸ್ಸಿನವರ ಸ್ವಂತ ಸೈಟಿನಲ್ಲೇ. ದೊಡ್ಡ ಸೂಟ್‌ಕೇಸನ್ನು ಹಿಂದಿನ ದಿನವೇ ತಕಾವೊಕಾ ಹೋಟೆಲಿನಿಂದ ತಕಾಯಾಮಾ ಹೋಟೆಲಿಗೆ ಕೊರಿಯರ್ ಮಾಡಿ. ಎರಡು ಸಾವಿರ ಯೆನ್ ಆಸುಪಾಸು ಆಗುತ್ತೆ, ಕೈ ಖಾಲಿ ಇದ್ದರೆ ಐನೊಕುರಾದ ಏರು ಗೊತ್ತೇ ಆಗಲ್ಲ. ತಕಾಯಾಮಾದ ಹಳೇ ಬೀದಿಯ ಅಂಗಡಿಗಳು ಸಂಜೆ ಬೇಗ ಬಾಗಿಲು ಹಾಕುತ್ತವೆ, ರಾತ್ರಿ ಊಟಕ್ಕೆ ಅವನ್ನು ನಂಬಿಕೊಂಡು ಹೋಗಬೇಡಿ. ಬಸ್ಸಿಳಿದು ಹೋಟೆಲಿಗೆ ಹೋಗುವ ಮುಂಚೆಯೇ ಸ್ಟೇಷನ್ ಕಡೆ ಏನಾದರೂ ಕೊಂಡುಬಿಡಿ.