ರಕ್ತದಲ್ಲಿ ಮೈನಸ್ 20
ರಜೆಗೆ ಕಾರವಾರದ ಮನೆಗೆ ಬಂದಿದ್ದೇನೆ, ಜೋರು ಮಳೆ. ಬಯೋಮೆಡಿಕಲ್ ಮಕ್ಕಳಿಗೆ ಇಲ್ಲಿಂದಲೇ ಆನ್‌ಲೈನ್ ಕ್ಲಾಸ್. ಇವತ್ತು ಆಯ್ಲರ್ ವಿಧಾನ: ಹೆಜ್ಜೆಯ ಶುರುವಿನ ದರವೇ ಆ ಹೆಜ್ಜೆಯ ಕೊನೆವರೆಗೂ ಇರುತ್ತದೆ ಎಂದುಕೊಂಡು, ಹೆಜ್ಜೆ ಹೆಜ್ಜೆಯಾಗಿ ಉತ್ತರ ಅಂದಾಜು ಮಾಡುವುದು.

ರಕ್ತದಲ್ಲಿ 100 ಮಿಲಿಗ್ರಾಂ ಔಷಧಿ. ಇಳಿಯುವ ದರ ಗಂಟೆಗೆ 0.3, ಅಂದರೆ ಆ ಕ್ಷಣ ಎಷ್ಟಿದೆಯೋ ಅದರ 0.3 ಪಾಲು. ನಾಲ್ಕು ಗಂಟೆಯ ಮೇಲೆ ಎಷ್ಟು ಉಳಿಯುತ್ತದೆ? ಒಬ್ಬಳು ನಾಲ್ಕೂ ಗಂಟೆಯನ್ನು ಒಂದೇ ಹೆಜ್ಜೆಗೆ ದಾಟಿದಳು. ಶುರುವಿನ ದರ ಗಂಟೆಗೆ 30, ನಾಲ್ಕು ಗಂಟೆಗೆ 120 ಕಳೆದಳು. ಬಂದಿದ್ದು ಮೈನಸ್ 20.

"ಸರ್, ಮೈಯಲ್ಲಿ ಔಷಧಿ ಮೈನಸ್ ಹೇಗಾಗತ್ತೆ?"

ಈ ಪ್ರಶ್ನೆಗೇ ನಾನು ಪ್ರತಿ ವರ್ಷ ಕಾಯುವುದು. ಗಂಟೆಗೊಂದು ಹೆಜ್ಜೆ ಇಟ್ಟರೆ 24. ಆರು ನಿಮಿಷಕ್ಕೊಂದು ಇಟ್ಟರೆ 29.6. ನಿಜವಾದ ಉತ್ತರ 30.1. ಇಳಿತದ ಹೊತ್ತಿಗೆ ಕಾಳಿ ನದಿಯಲ್ಲಿ ಬಳಚು (ಚಿಪ್ಪುಮೀನು) ಆರಿಸುವವರು ಕೆಸರಲ್ಲಿ ತಡಕಿ ತಡಕಿ ಸಣ್ಣ ಹೆಜ್ಜೆ ಇಡುತ್ತಾರಲ್ವಾ, ಅದು ನೆನಪಾಯಿತು.

ನಾಳೆ ರುಂಗೆ-ಕುಟ್ಟಾ ವಿಧಾನ: ಒಂದೇ ಹೆಜ್ಜೆಯೊಳಗೆ ದರವನ್ನು ನಾಲ್ಕು ಸಲ ನೋಡಿ ಸರಾಸರಿ ಹಿಡಿಯುವುದು. ಅದರಲ್ಲಿ ಅವಳ ಅದೇ ಒಂದು ದೊಡ್ಡ ಹೆಜ್ಜೆಗೂ 31.8 ಬರುತ್ತದೆ. ಅವಳ ಮುಖ ನೋಡುವ ಆಸೆ ನನಗೆ.